‘ಕ್ಯಾಬರೆ’: ನಗುತ್ತ ಕುಳಿತವರ ನಡುವೆ ಬೆಳೆದ ನಾಜಿವಾದ

ಬಾಬ್ ಫಾಸಿ ನಿರ್ದೇಶಿಸಿದ ‘ಕ್ಯಾಬರೆ’ (1972) ಚಿತ್ರದಲ್ಲಿ ಬರ್ಲಿನ್ನಿನ ರಾತ್ರಿ ಮನರಂಜನೆಯ ತಾಣವಾದ ಕಿಟ್ ಕ್ಯಾಟ್ ಕ್ಲಬ್ಬಿನ ವೇದಿಕೆ ಬಿಟ್ಟು ಹೊರಗೆ ಪಾತ್ರಗಳು ಹಾಡುವುದು ಒಂದೇ ಒಂದು ಸಲ. ಬಿಸಿಲು ಹರಡಿದ ಬಿಯರ್ ತೋಟದಲ್ಲಿ ಹೊಂಗೂದಲಿನ ಹುಡುಗನೊಬ್ಬ ಇಂಪಾಗಿ ಹಾಡಲು ತೊಡಗುತ್ತಾನೆ. ಅವನ ಮುಖದ ಮೇಲಿದ್ದ ಕ್ಯಾಮೆರಾ ಕೆಳಗಿಳಿದಾಗ ತೋಳಿನ ಸ್ವಸ್ತಿಕದ ಪಟ್ಟಿ ಕಾಣುತ್ತದೆ. ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುತ್ತಾರೆ. ಇದು ನಾಜಿಗಳದೇ ಹಳೆಯ ಹಾಡೆಂದು ಅನೇಕರು ನಂಬಿದ್ದುಂಟು. ವಾಸ್ತವದಲ್ಲಿ ಅದನ್ನು ಚಿತ್ರಕ್ಕೆ ಆಧಾರವಾದ, ನ್ಯೂಯಾರ್ಕಿನ ಬ್ರಾಡ್‌ವೇ ರಂಗದ 1966ರ ನಾಟಕಕ್ಕೆಂದು ರಚಿಸಿದವರು ಜಾನ್ ಕ್ಯಾಂಡರ್ ಮತ್ತು ಫ್ರೆಡ್ ಎಬ್ ಎಂಬ ಇಬ್ಬರು ಯಹೂದಿಗಳು.

ಕಥೆಯ ಮೂಲ ಇನ್ನೂ ಹಿಂದಿನದು. ಇಂಗ್ಲಿಷ್ ಲೇಖಕ ಕ್ರಿಸ್ಟೋಫರ್ ಇಷರ್‌ವುಡ್ (ಮುಂದೆ ರಾಮಕೃಷ್ಣ ಪರಮಹಂಸರ ಬಗ್ಗೆ ಪುಸ್ತಕ ಬರೆದವರೂ ಇವರೇ) 1929ರಿಂದ 1933ರವರೆಗೆ ಬರ್ಲಿನ್ನಿನಲ್ಲಿದ್ದು, ಅಲ್ಲಿ ಕಂಡದ್ದನ್ನು 1939ರಲ್ಲಿ ಕಥೆಗಳಾಗಿ ಪ್ರಕಟಿಸಿದರು. ಜರ್ಮನ್ ಸಂಸತ್ತಿನ 1928ರ ಚುನಾವಣೆಯಲ್ಲಿ 12 ಸ್ಥಾನ ಪಡೆದಿದ್ದ ನಾಜಿ ಪಕ್ಷ 1930ರಲ್ಲಿ 107ಕ್ಕೆ, 1932ರ ಜುಲೈನಲ್ಲಿ 230ಕ್ಕೆ ಏರಿದ್ದನ್ನು ಅವರು ಅದೇ ನಗರದಲ್ಲಿ ಕಂಡರು; ಅಷ್ಟರಲ್ಲಿ ದೇಶದ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದ ಹತ್ತಿರ ಬಂದಿತ್ತು. ಆ ಕಥೆಗಳು 1951ರಲ್ಲಿ ನಾಟಕವಾಗಿ, 1966ರಲ್ಲಿ ಹೆರಾಲ್ಡ್ ಪ್ರಿನ್ಸ್ ನಿರ್ದೇಶನದ ಸಂಗೀತ ನಾಟಕವಾಗಿ ರೂಪ ಬದಲಿಸಿದವು. ಪ್ರಿನ್ಸ್ ವೇದಿಕೆಯ ಮೇಲೆ ದೊಡ್ಡ ಕನ್ನಡಿಯೊಂದನ್ನು ಪ್ರೇಕ್ಷಕರಿಗೆ ತಮ್ಮ ಮುಖವೇ ಕಾಣುವಂತೆ ತೂಗಿಸಿದ್ದರು.

ಆದರೆ ಆ ಪ್ರೇಕ್ಷಕರಿಗೆ ಎಲ್ಲವೂ ರುಚಿಸಲಿಲ್ಲ. ಕ್ಲಬ್ಬಿನ ಕಾರ್ಯಕ್ರಮ ನಿರೂಪಕ ಗೊರಿಲ್ಲಾವೊಂದನ್ನು ತನ್ನ ಪ್ರಿಯತಮೆಯೆಂದು ಕುಣಿಸುತ್ತ, ನನ್ನ ಕಣ್ಣಿಂದ ನೋಡಿದರೆ ಇವಳು ಯಹೂದಿಯಂತೆ ಕಾಣಳು ಎಂಬರ್ಥದಲ್ಲಿ ಮುಗಿಸುವ ಹಾಡಿಗೆ ಆಕ್ಷೇಪಗಳು ಬಂದು, ಕೊನೆಯ ಸಾಲನ್ನು ಬದಲಿಸಬೇಕಾಯಿತು. ನಗಿಸಿ ನಗಿಸಿ, ನಕ್ಕವರನ್ನೇ ಸಿಕ್ಕಿಹಾಕಿಸುವ ಸಾಲು ಅದು. ತೆಗೆದರೆ ಹಾಡು ಬರಿಯ ಗೇಲಿಯಾಗುತ್ತದೆ. ಚಿತ್ರದಲ್ಲಿ ಫಾಸಿ ಅದನ್ನು ಮರಳಿ ತಂದದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಚಿತ್ರದ ಇನ್ನೊಂದು ಎಳೆ ಇತಿಹಾಸಕ್ಕೆ ಇದಕ್ಕಿಂತಲೂ ಹತ್ತಿರವಾದದ್ದು. ಮ್ಯಾಕ್ಸ್ ಎಂಬ ಸಿರಿವಂತ ಬ್ಯಾರನ್, ನಾಜಿಗಳು ಪುಂಡರೇನೋ ಹೌದು, ಆದರೆ ಕಮ್ಯುನಿಸ್ಟರನ್ನು ಅಡಗಿಸಲು ಒದಗುತ್ತಾರೆ, ಆಮೇಲೆ ಅವರನ್ನು ನಾವು ಹಿಡಿತದಲ್ಲಿಡಬಹುದು ಎಂದು ಉದಾಸೀನದಿಂದ ಹೇಳುತ್ತಾನೆ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದಾಗ ಮಾಜಿ ಚಾನ್ಸಲರ್ ಫ್ರಾಂಟ್ಸ್ ಫಾನ್ ಪಾಪೆನ್ ಮೊದಲಾದ ಸಂಪ್ರದಾಯವಾದಿಗಳ ಲೆಕ್ಕವೂ ಇದೇ ಆಗಿತ್ತು. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳಿದ್ದದ್ದು ಮೂವರು ಮಾತ್ರ. ಆರು ತಿಂಗಳೊಳಗೆ ಜರ್ಮನಿಯಲ್ಲಿ ನಾಜಿ ಪಕ್ಷವೊಂದನ್ನು ಬಿಟ್ಟು ಬೇರೆ ಪಕ್ಷವೇ ಉಳಿಯಲಿಲ್ಲ.

ಎಂಟು ಆಸ್ಕರ್ ಪಡೆದ ಈ ಚಿತ್ರದ ಕಾಲ 1931. ಮುಂದಿನದನ್ನು ಅದು ತೋರಿಸುವುದಿಲ್ಲ. 1966ರ ನಾಟಕದಲ್ಲಿ ಮನೆಯೊಡತಿಯಾಗಿ ನಟಿಸಿದ ಲೋಟೆ ಲೆನ್ಯಾ ಅದನ್ನು ಸ್ವತಃ ಬಲ್ಲವರು. 1928ರಲ್ಲಿ ಬರ್ಲಿನ್ನಿನಲ್ಲಿ ‘ತ್ರೀಪೆನ್ನಿ ಆಪೆರಾ’ ಎಂಬ ಸಂಗೀತ ನಾಟಕದ ಮೊದಲ ಪ್ರಯೋಗದಲ್ಲಿ ಹಾಡಿದ್ದ ಅವರು ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟರು, ಅದೇ ಪ್ರಯೋಗದಲ್ಲಿ ಅವರೊಂದಿಗೆ ರಂಗದ ಮೇಲಿದ್ದ ಕ್ಯಾಬರೆ ಕಲಾವಿದ ಕುರ್ಟ್ ಗೆರಾನ್‌ರನ್ನು 1944ರಲ್ಲಿ ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರದಲ್ಲಿ ಕೊಲ್ಲಲಾಯಿತು.