ಹಾರಾಟ 9 ನಿಮಿಷ, ಉಳಿದದ್ದೆಲ್ಲ ನೆಲದ ಮೇಲೆ

ಗಂಟೆಗೆ 200 ಕಿ.ಮೀ. ವೇಗದಲ್ಲಿ ಹಾರಿದರೆ 30 ಕಿ.ಮೀ. ದೂರಕ್ಕೆ 9 ನಿಮಿಷ ಸಾಕು. ಹಾರುವ ಟ್ಯಾಕ್ಸಿಯ ಜಾಹೀರಾತುಗಳು ತೋರಿಸುವುದು ಇಷ್ಟನ್ನೇ. ಆದರೆ ಮನೆ ಬಾಗಿಲಲ್ಲೇ ಯಾರೂ ಅದನ್ನು ಹತ್ತುವುದಿಲ್ಲ, ಅಲ್ವಾ? ಅದು ಏರಿ ಇಳಿಯುವ ಜಾಗಕ್ಕೆ, ಅಂದರೆ ವರ್ಟಿಪೋರ್ಟ್‌ಗೆ, ಹೋಗಲು 20 ನಿಮಿಷ, ತಪಾಸಣೆಗೆ 10, ಇಳಿದ ಮೇಲೆ ಇನ್ನೊಂದು ಗಾಡಿ ಹಿಡಿದು ಸೇರಬೇಕಾದಲ್ಲಿಗೆ ಸೇರಲು 20 ಎಂದಿಟ್ಟುಕೊಳ್ಳಿ. ಹತ್ತಿರ ಹತ್ತಿರ ಒಂದು ಗಂಟೆ ಆಯಿತು.

ವೇಗ ಹೆಚ್ಚಿಸಿದರೆ? ಅಮೆರಿಕದ ಜೋಬಿ ಕಂಪನಿಯ ಹಾರುವ ಟ್ಯಾಕ್ಸಿ, ಅಂದರೆ ನೇರವಾಗಿ ಮೇಲೇರುವ ವಿದ್ಯುತ್ ವಿಮಾನ, ಗಂಟೆಗೆ ಸುಮಾರು 320 ಕಿ.ಮೀ. ತನಕ ಹೋಗಬಲ್ಲದು. ಅದರಿಂದ ಉಳಿಯುವುದು ಮೂರುವರೆ ನಿಮಿಷ ಮಾತ್ರ. ವರ್ಟಿಪೋರ್ಟ್ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಇದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಉಳಿಯುತ್ತದೆ.

ನ್ಯೂಯಾರ್ಕ್ ಇದನ್ನು 1965ರಲ್ಲೇ ಮಾಡಿ ನೋಡಿತ್ತು. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ, ಆಗ ಪ್ಯಾನ್ ಆಮ್ ಎಂಬ ಹೆಸರಿದ್ದ ಕಟ್ಟಡದ ತಾರಸಿಯಿಂದ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರ್ ಹಾರುತ್ತಿತ್ತು. 1968ರಲ್ಲಿ ಸೇವೆ ನಿಂತಿತು. 1977ರಲ್ಲಿ ಮತ್ತೆ ಶುರುವಾಯಿತು. ಆ ಮೇ ತಿಂಗಳಲ್ಲಿ ತಾರಸಿಯ ಮೇಲೆ ನಿಂತಿದ್ದ ಹೆಲಿಕಾಪ್ಟರಿನ ಗಾಲಿಯ ಕಾಲು ಮುರಿದು ಅದು ವಾಲಿತು. ತಿರುಗುತ್ತಿದ್ದ ರೆಕ್ಕೆ ಬಡಿದು ಮೇಲಿದ್ದ ನಾಲ್ವರು ಸತ್ತರು. ಚೂರು ಬಿದ್ದು ಕೆಳಗೆ ರಸ್ತೆಯಲ್ಲಿದ್ದ ಒಬ್ಬರೂ ಸತ್ತರು. ತಾರಸಿ ಮುಚ್ಚಿತು. ಜನರಿಗೆ ಅನುಕೂಲವಾದ ಜಾಗವೇ ಅಪಾಯ ಜಾಸ್ತಿ ಇರುವ ಜಾಗವೂ ಹೌದು. ಈ ತೊಡಕು ಇವತ್ತಿಗೂ ಬಿಟ್ಟಿಲ್ಲ.

ಬ್ಯಾಟರಿ ಇನ್ನೊಂದು ಷರತ್ತು ಹಾಕುತ್ತದೆ. ಮುಂದಕ್ಕೆ ಹಾರುವಾಗ ರೆಕ್ಕೆಗಳೇ ಭಾರ ಹೊರುತ್ತವೆ. ನಿಂತಲ್ಲೇ ತೇಲುವಾಗ ಅಷ್ಟೂ ಭಾರ ಮೋಟಾರುಗಳ ಮೇಲೆ ಬೀಳುತ್ತದೆ, ಚಾರ್ಜ್ ಸರಸರನೆ ಇಳಿಯುತ್ತದೆ. ಹಾಗಾಗಿ ಇಳಿಯಲು ಜಾಗ ಖಾಲಿಯಾಗಲಿ ಎಂದು ಮೇಲೆ ಸುಮ್ನೆ ಕಾಯುವಂತಿಲ್ಲ. ಏರುವ ಮೊದಲೇ ಆಚೆ ಕಡೆ ಜಾಗ ಕಾದಿರಿಸಬೇಕು.

ಇದರಿಂದ ರಸ್ತೆಯ ದಟ್ಟಣೆ ಕರಗುತ್ತದೆ ಎಂಬ ಮಾತನ್ನಂತೂ ನಾನು ನಂಬುವುದಿಲ್ಲ. ಜೋಬಿಯಲ್ಲಿ ಕೂರುವುದು ಪೈಲಟ್ ಬಿಟ್ಟು ನಾಲ್ವರು. ಏರಿ ಇಳಿಯುವ ಒಂದು ಜಾಗದಿಂದ ಐದು ನಿಮಿಷಕ್ಕೊಂದು ವಿಮಾನ ಏರಿದರೂ ಗಂಟೆಗೆ 48 ಜನ. ತುಂಬಿದ ಒಂದೇ ಮೆಟ್ರೊ ರೈಲು ಸಾವಿರಕ್ಕೂ ಹೆಚ್ಚು ಜನರನ್ನು ಒಯ್ಯಬಲ್ಲದು. ಕೊಲ್ಲಿಯೋ ಬೆಟ್ಟವೋ ಅಡ್ಡ ಬಂದು ರಸ್ತೆ ಸುತ್ತುವ ಕಡೆ, ರೈಲಿನ ಜೊತೆಗೊಂದು ಕೊಂಡಿಯಾಗಿ ಇದು ಸರಿಹೊಂದೀತು.

ಆಗ ಎರಡಕ್ಕೂ ಸೇರಿ ಒಂದೇ ಟಿಕೆಟ್ ಬೇಕಾಗುತ್ತದೆ. ರೈಲು ಹತ್ತು ನಿಮಿಷ ತಡವಾದರೆ ಕಾದಿರಿಸಿದ ಜಾಗ ಕೈತಪ್ಪುತ್ತದೆ. ಆ ಪ್ರಯಾಣಿಕನನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಖರ್ಚು ರೈಲಿನವರದೋ, ವಿಮಾನದವರದೋ ಎಂಬುದನ್ನು ಟಿಕೆಟ್ ಮಾರುವ ಮೊದಲೇ ಬರೆದಿಡಬೇಕು.