ಸೀಸದ ಮೇಲೆ ಕಟ್ಟುವ ಕೆನೆ ತವರವಲ್ಲ

ಪ್ರಶ್ನೆ: ಟೈರ್ ಅಂಗಡಿಯಿಂದ ಒಂದು ಬಕೆಟ್ ಹಳೆಯ ವೀಲ್ ವೇಟ್ (ಚಕ್ರದ ಸಮತೋಲಕ್ಕೆ ರಿಮ್ಮಿಗೆ ಹಾಕುವ ಲೋಹದ ಪುಟ್ಟ ತುಂಡು, ಹೆಚ್ಚಾಗಿ ಸೀಸದ್ದು) ತಂದು ಗರಾಜಿನ ಹೊರಗೆ ಕರಗಿಸಿದೆ. ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ತೆಗೆದಷ್ಟೂ ಮತ್ತೆ ಕಟ್ಟುತ್ತಿತ್ತು. ತವರ ಹಗುರ, ಅದಕ್ಕೇ ಬೇರ್ಪಟ್ಟು ಮೇಲೆ ಬರುತ್ತದೆ ಅಂತ ನನ್ನ ಗೆಳೆಯ ಹೇಳಿದ. ಹಾಗಿದ್ದರೆ ತಳದ ಸೀಸದಿಂದ ಎರಕ ಹೊಯ್ದ ಬಂದೂಕಿನ ಗುಂಡು ಮೆದುವಾಗುವುದಿಲ್ಲವೇ?

ಉತ್ತರ: ಈ ಗೆಳೆಯ ಎಲ್ಲರಿಗೂ ಇದ್ದಾನೆ ಅಂತ ಕಾಣುತ್ತದೆ. ಈ ಚಳಿಗಾಲದಲ್ಲೇ ಇದು ನಾಲ್ಕನೇ ಸಲ. ಇವತ್ತು ಬಿಡಿಸಿ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ತವರ ಬೇರ್ಪಡುವುದಿಲ್ಲ. ಸೀಸದಲ್ಲಿ ಕರಗಿ ಸೇರಿದ ತವರ, ಕಾಫಿಯಲ್ಲಿ ಕರಗಿದ ಸಕ್ಕರೆಯ ಹಾಗೆ. ಲೋಟವನ್ನು ಸಂಜೆತನಕ ಹಾಗೇ ಇಟ್ಟರೂ ಮೇಲೆ ಸಪ್ಪೆ, ಕೆಳಗೆ ಸಿಹಿ ಅಂತ ಆಗುವುದಿಲ್ಲ. ಗೆಳೆಯನ ವಾದ ನನಗೆ ಬಾಯಿಪಾಠ: ಸೀಸದ ಸಾಂದ್ರತೆ 11.3, ತವರದ್ದು 7.3, ಸೀಸವನ್ನು ಗಟ್ಟಿ ಮಾಡಲು ಬೆರೆಸುವ ಆಂಟಿಮನಿಯದ್ದು 6.7, ಹಗುರವಾದದ್ದು ತೇಲಲೇಬೇಕು. ಎಣ್ಣೆ–ನೀರಿಗೆ ಈ ಮಾತು ಸರಿ, ಏಕೆಂದರೆ ಅವು ಬೆರೆಯುವುದೇ ಇಲ್ಲ. ಬೆರೆತದ್ದಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಚಿನ್ನದ ಸಾಂದ್ರತೆ 19.3, ತಾಮ್ರದ್ದು ಅದರ ಅರ್ಧಕ್ಕಿಂತ ಕಡಿಮೆ. ಅಕ್ಕಸಾಲಿಗರು ಎರಡನ್ನೂ ಒಂದೇ ಮೂಸೆಯಲ್ಲಿ ಕರಗಿಸುತ್ತಾರೆ. ಒಂದು ಬದಿ ಅಪರಂಜಿ, ಇನ್ನೊಂದು ಬದಿ ಬರೀ ತಾಮ್ರವಾದ ಬಳೆಯನ್ನು ಯಾರಾದರೂ ತೊಟ್ಟದ್ದುಂಟೇ? ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಯೂ ಸೀಸ, ಆಂಟಿಮನಿ, ತವರಗಳ ಎರಕವೇ. ಅಕ್ಷರಗಳ ಸಾಲುಗಳನ್ನೇ ಎರಕ ಹೊಯ್ಯುತ್ತಿದ್ದ ಲೈನೋಟೈಪ್ ಯಂತ್ರದ ಪಾತ್ರೆಯಲ್ಲಿ ಇದೇ ಮಿಶ್ರಣ ದಿನವಿಡೀ ಕರಗಿದ ಸ್ಥಿತಿಯಲ್ಲೇ ಇರುತ್ತಿತ್ತು. ಮೇಲೊಂದು ಕೆಳಗೊಂದು ಆಗಿದ್ದರೆ ಪತ್ರಿಕೆ ಹೊರಬರುತ್ತಿರಲಿಲ್ಲ.

ಇನ್ನೂ ನಂಬಿಕೆ ಬಾರದಿದ್ದರೆ ಲೆಕ್ಕ ಹಾಕೋಣ. ಕ್ಲಿಪ್ ಇರುವ ವೀಲ್ ವೇಟ್‌ನಲ್ಲಿ ಶೇ. 95ರಷ್ಟು ಸೀಸ, ಶೇ. 3ರ ಆಸುಪಾಸು ಆಂಟಿಮನಿ, ತವರ ಹೆಚ್ಚೆಂದರೆ ಶೇ. ಅರ್ಧ. ಅಂಟಿಸುವ ಪಟ್ಟಿಯ ವೇಟ್ ಆದರೆ ಹೆಚ್ಚುಕಡಿಮೆ ಶುದ್ಧ ಸೀಸವೇ. ನೀವು ಕರಗಿಸಿದ್ದು 10 ಕಿಲೋ ಅಂದುಕೊಳ್ಳಿ. ಅದರಲ್ಲಿರುವ ತವರ ಒಟ್ಟು 50 ಗ್ರಾಂ. ನೀವು ಸೌಟಿನಲ್ಲಿ ಬಾಚಿ ತೆಗೆದ ಕೆನೆ ಎಷ್ಟಿತ್ತು? ಕಾಫಿ ಡಬ್ಬಿಯ ಅರ್ಧ? ಅಷ್ಟು ತವರ ಬಂದದ್ದಾದರೂ ಎಲ್ಲಿಂದ, ಮಾರಾಯ್ರೆ?

ಅದು ಕಿಟ್ಟ. ಕಾದ ಲೋಹ ಗಾಳಿಯ ಆಮ್ಲಜನಕದ ಜೊತೆ ಸೇರಿ ಆದದ್ದು. ಹೊಸ ಮೈ ಗಾಳಿಗೆ ಸಿಕ್ಕಿದಾಗಲೆಲ್ಲ ಹೊಸ ಕಿಟ್ಟ ಕಟ್ಟುತ್ತದೆ, ಅದಕ್ಕೇ ನೀವು ತೆಗೆದಷ್ಟೂ ಬಂತು. ಗೆಳೆಯನ ಮಾತಿನಲ್ಲಿ ಒಂದೇ ಒಂದು ಎಳೆ ನಿಜ: ಸೀಸಕ್ಕಿಂತ ತವರ ಬೇಗ ಆಮ್ಲಜನಕವನ್ನು ಹಿಡಿಯುತ್ತದೆ. ಹಾಗಾಗಿ ಕಿಟ್ಟದಲ್ಲಿ ತವರದ ಪಾಲು ತುಸು ಹೆಚ್ಚೇ ಇರುತ್ತದೆ. ಅದನ್ನು ಬಾಚಿ ಬಿಸಾಡಿದರೆ ತವರ ಕಳೆದುಕೊಳ್ಳುವವರು ನೀವೇ. ಒಂದು ಹಿಡಿ ಒಣ ಮರದ ಹೊಟ್ಟು ಅಥವಾ ಮೇಣದ ತುಂಡು ಹಾಕಿ, ಒಣಗಿದ ಕೋಲಿನಿಂದ ತಳ ಮುಟ್ಟುವಂತೆ ಕಲಕಿ. ಮೇಣದ ಹೊಗೆ ಭಗ್ಗೆಂದು ಹೊತ್ತಿಕೊಂಡರೆ ಗಾಬರಿ ಬೇಡ, ಮುಖ ಮಾತ್ರ ದೂರವಿರಲಿ. ಇಂಗಾಲ ಕಿಟ್ಟದ ಆಮ್ಲಜನಕವನ್ನು ಕಿತ್ತುಕೊಂಡು ಲೋಹವನ್ನು ಪಾತ್ರೆಗೆ ಹಿಂತಿರುಗಿಸುತ್ತದೆ. ಕಡೆಗೆ ಕನ್ನಡಿಯಂಥ ಮೈ ಕಾಣುತ್ತದೆ, ಅದರ ಮೇಲೆ ಕಪ್ಪು ಪುಡಿಯೂ ಕಬ್ಬಿಣದ ಕ್ಲಿಪ್ಪುಗಳೂ ತೇಲುತ್ತಿರುತ್ತವೆ. ಬಾಚಬೇಕಾದದ್ದು ಅದನ್ನು.

ಗುಂಡು ಮೆದುವಾಗುವ ಭಯವೂ ಬೇಡ. ಗಟ್ಟಿತನ ಬರುವುದು ಮುಖ್ಯವಾಗಿ ಆಂಟಿಮನಿಯಿಂದ. ತವರದ ಕೆಲಸ ಎರಕ ಅಚ್ಚಿನ ಮೂಲೆಮೂಲೆಗೂ ತುಂಬುವಂತೆ ಮಾಡುವುದು. ನಾನು ಒಮ್ಮೆ ಹಟಕ್ಕೆ ಬಿದ್ದು, ಗಂಟೆಗಟ್ಟಲೆ ಕಲಕದೆ ಬಿಟ್ಟ ಪಾತ್ರೆಯ ಮೇಲಿಂದ ಒಂದು ಗಟ್ಟಿ, ತಳದಿಂದ ಒಂದು ಗಟ್ಟಿ ಹೊಯ್ದು ತೂಗಿದೆ. ವ್ಯತ್ಯಾಸವಿರಲಿಲ್ಲ. ಆದರೆ ಶಾಖ ಇಳಿದು ಲೋಹ ಗಂಜಿಯಂತಾದಾಗ ಸೌಟು ಹಾಕಬೇಡಿ. ಆಗ ಕೆಲವು ಹರಳು ಮೊದಲು ಗಟ್ಟಿಯಾಗಿ ಮಿಶ್ರಣ ನಿಜಕ್ಕೂ ಒಡೆಯುತ್ತದೆ. ಮತ್ತೆ ಪೂರ್ತಿ ಕಾಯಿಸಿದರೆ ಸರಿಹೋಗುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಕರಗಿಸುವ ಮೊದಲು ಸತು ಮತ್ತು ಉಕ್ಕಿನ ವೇಟ್‌ಗಳನ್ನು ಆರಿಸಿ ತೆಗೆಯಿರಿ. ಸತುವಿನ ಮೇಲೆ ಸಾಮಾನ್ಯವಾಗಿ ‘ಜಡ್‌ಎನ್’ ಎಂಬ ಅಕ್ಷರ ಇರುತ್ತದೆ. ಕಟಿಂಗ್ ಪ್ಲೈಯರ್‌ಗೆ ಸೀಸ ಬೆಣ್ಣೆಯಂತೆ ಸಿಗುತ್ತದೆ, ಸತು ಸಿಗುವುದಿಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 420ಕ್ಕೆ. ಥರ್ಮಾಮೀಟರ್ ಇಟ್ಟು 370 ದಾಟಿಸದಿದ್ದರೆ, ಕಣ್ತಪ್ಪಿ ಬಿದ್ದ ಸತುವೂ ಇಡಿಯಾಗಿ ತೇಲುತ್ತದೆ, ಎತ್ತಿ ಹಾಕಬಹುದು. ಕರಗಿದ ಸೀಸಕ್ಕೆ ಒದ್ದೆ ವೇಟ್ ಹಾಕಿದರೆ ನೀರು ಆ ಕ್ಷಣವೇ ಆವಿಯಾಗಿ ಸೀಸವನ್ನು ಮುಖಕ್ಕೆ ಸಿಡಿಸುತ್ತದೆ. ತಣ್ಣಗಿರುವಾಗಲೇ ಪಾತ್ರೆ ತುಂಬಿ, ಆಮೇಲೆ ಒಲೆ ಹಚ್ಚಿ. ಕೈ ತೊಳೆಯದೆ ಚಿಪ್ಸ್ ಪ್ಯಾಕೆಟ್ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ. ಇದೆಲ್ಲ ಟೆಕ್ಸಸ್‌ನಲ್ಲಿರುವ ನಮ್ಮಂಥವರ ಹವ್ಯಾಸದ ಮಾತು. ಊರಿನಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಅಲ್ಲಿರುವ ತಮ್ಮಂದಿರು ಕೈ ಹಾಕಬೇಡಿ. ಹಳೆಯ ಇಡ್ಲಿ ತಟ್ಟೆಯಲ್ಲಿ ಗಟ್ಟಿ ಹೊಯ್ಯಬಹುದೇ ಅಂತ ಒಬ್ಬರು ಕೇಳಿದ್ದರು. ತೂತು ನೋಡಿಕೊಳ್ಳಿ ಸ್ವಾಮಿ. ತೂತಿಲ್ಲದಿದ್ದರೂ, ಸೀಸ ಕಂಡ ತಟ್ಟೆ ಮತ್ತೆ ಅಡುಗೆಮನೆ ಕಾಣಬಾರದು.

ಮರದ ಹೊಟ್ಟಿನ ಮಾತು ಬಂದಾಗಲೆಲ್ಲ ನನಗೆ ಅಜ್ಜಿಮನೆಯ ಅಂಗಳಕ್ಕೆ ಬರುತ್ತಿದ್ದ ಕಲಾಯಿ ಸಾಬರು ನೆನಪಾಗುತ್ತಾರೆ. ತಿದಿ ಒತ್ತಿ ಹಿತ್ತಾಳೆಯ ತಪ್ಪಲೆ ಕಾಯಿಸಿ, ನವಸಾಗರ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಸರ್ರನೆ ಒರೆಸುತ್ತಿದ್ದರು. ಆ ನವಸಾಗರದ ಕೆಲಸವೂ ಕಿಟ್ಟ ಬಿಡಿಸುವುದೇ, ಬಿಡಿಸುವ ಬಗೆ ಮಾತ್ರ ಬೇರೆ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ತವರ ದುಬಾರಿ, ಸೀಸ ಅಗ್ಗ, ಎರಡೂ ಬೆರೆತರೆ ಬೇಗ ಕರಗುತ್ತದೆ. ಅದಕ್ಕೇ ಕಲಾಯಿಯ ಕಡ್ಡಿಗೆ ಸೀಸ ಬೆರೆಸುವ ಚಾಳಿ ಕೆಲವರಿಗೆ. ಊರಿಗೆ ಹೋದಾಗ ಪಾತ್ರೆಗೆ ಕಲಾಯಿ ಹಾಕಿಸುವುದಿದ್ದರೆ ಕಡ್ಡಿ ಕೇಳಿ ಪಡೆದು, ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಶುದ್ಧ ತವರ ಕರಕರ ಎನ್ನುತ್ತದೆ, ಸೀಸ ಮೂಕ. ಬಿಳಿ ಕಾಗದದ ಮೇಲೆ ಎಳೆದರೆ ಸೀಸ ಬೂದು ಗೆರೆ ಬಿಡುತ್ತದೆ. ತುಸುವೇ ಬೆರಕೆ ಇದ್ದರೆ ಕಿವಿಗೂ ಕಾಗದಕ್ಕೂ ಸಿಗುವುದಿಲ್ಲ, ಲ್ಯಾಬಿಗೇ ಕೊಡಬೇಕು. ಇನ್ನು ಪೆನ್ಸಿಲ್ಲಿಗೆ ನಾವು ಸೀಸದ ಕಡ್ಡಿ ಅನ್ನುತ್ತೇವಲ್ಲ, ಅದರೊಳಗೆ ಸೀಸ ಇಲ್ಲ, ಇರುವುದು ಗ್ರಾಫೈಟ್. ದಯವಿಟ್ಟು ಅದನ್ನು ಕರಗಿಸಬಹುದೇ ಅಂತ ಕೇಳಬೇಡಿ.