ದೂರ ಜಾಸ್ತಿ, ಹೊತ್ತು ಕಡಿಮೆ

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ದಾರಿ ಬದಲಿಸಿತು. ಅಲ್ಲಿಯವರೆಗೆ ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ದಾಟುತ್ತಿತ್ತು. ಈ ಸಲ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹೋಯಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ಆಯಿತು. ಆದರೆ ಹಾರಿದ್ದು 14.5 ಗಂಟೆ ಮಾತ್ರ, ಮೊದಲಿಗಿಂತ ಸುಮಾರು 2 ಗಂಟೆ ಕಡಿಮೆ!

ಹಾಗಾದರೆ ಈ ಎರಡು ಊರುಗಳ ನಿಜವಾದ ದೂರ ಎಷ್ಟು? ಗೋಡೆಯ ನಕಾಶೆ ನೋಡಿ ಹೇಳಲಾಗದು. ಒಂದು ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಪೂರ್ವಕ್ಕೂ ಹೋಗಲ್ಲ, ಪಶ್ಚಿಮಕ್ಕೂ ಹೋಗಲ್ಲ. ಸೀದಾ ಉತ್ತರಕ್ಕೆ ಹತ್ತಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಮೇಲೆ ಹಾದು ಆ ಕಡೆ ಇಳಿಯುತ್ತದೆ. ಅಳೆದರೆ ಸುಮಾರು 12,400 ಕಿ.ಮೀ. ವಿಮಾನ ನಿಲ್ದಾಣಗಳ ದೂರ ಎಂದು ಸಾಮಾನ್ಯವಾಗಿ ಕೊಡುವುದು ಈ ದಾರದ ಅಳತೆಯನ್ನೇ.

ದಾರಕ್ಕೇನು, ಹಿಮಾಲಯ ಅಡ್ಡ ಬರಲ್ಲ. ವಿಮಾನಕ್ಕೆ ಬರುತ್ತದೆ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು. ಕೆಳಗೆ ಅದಕ್ಕಿಂತಲೂ ಎತ್ತರದ ಟಿಬೆಟ್ ಇದ್ದರೆ ಎಲ್ಲಿಗೆ ಇಳಿಯುವುದು? ಯುದ್ಧ, ಮುಚ್ಚಿದ ವಾಯುಪ್ರದೇಶ ಇವೂ ದಾರಿ ತಿರುಗಿಸುತ್ತವೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಪಯಣ ಸುಮಾರು 9.5 ಗಂಟೆಯಿಂದ 13ಕ್ಕೆ ಏರಿತು.

ಇಷ್ಟಾದರೂ 15,300 ಕಿ.ಮೀ. ಬೇಗ ಮುಗಿದದ್ದು ಹೇಗೆ ಅಂತ ಹೇಳಿದಂತಾಗಲಿಲ್ಲ ಅಲ್ವಾ? ಭಾಗಿಸಿ ನೋಡಿ: ಗಂಟೆಗೆ ಸರಾಸರಿ 1,055 ಕಿ.ಮೀ. ಇಂಥ ವಿಮಾನದ ಸ್ವಂತ ವೇಗ ಸುಮಾರು 900 ಅಷ್ಟೇ. ಮಿಕ್ಕಿದ್ದು ಗಾಳಿಯ ಕೊಡುಗೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಬಿರುಗಾಳಿ ಹರಿಯುತ್ತಿರುತ್ತದೆ. ಓಡುವ ರೈಲಿನೊಳಗೆ ಮುಂದಕ್ಕೆ ನಡೆದ ಹಾಗೆ ವಿಮಾನ ಅದರೊಳಗೆ ಹಾರುತ್ತದೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದದ್ದು ಈ ಗಾಳಿಯ ಬಲದಿಂದಲೇ.

ಈ ಗಾಳಿಯನ್ನು ಬಲೂನು ಹಾರಿಸಿ ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಾಸಾಬುರೊ ಓಯಿಶಿ. ಜಗತ್ತೆಲ್ಲ ಓದಲಿ ಎಂದು 1926ರಲ್ಲಿ ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಆಗಲೆಂದು ಕಟ್ಟಿದ ಭಾಷೆಯಲ್ಲಿ ವರದಿ ಬರೆದರು. ಆ ಭಾಷೆ ಬಲ್ಲವರೇ ಕಡಿಮೆ, ಪಾಪ. 1944ರಲ್ಲಿ ಅಮೆರಿಕದ ಬಾಂಬರ್‌ಗಳು ಜಪಾನಿನ ಮೇಲೆ ಇದೇ ಗಾಳಿಗೆ ಸಿಕ್ಕಿ ಒದ್ದಾಡಿದವು.

ಹೋಗುವಾಗ ಉಳಿದದ್ದು ಬರುವಾಗ ಹೋಗುತ್ತೆ, ಲೆಕ್ಕ ಸಮ ಅನ್ನಿಸಬಹುದು. ಸಮ ಆಗಲ್ಲ. 9,000 ಕಿ.ಮೀ. ದೂರ, 900ರ ವೇಗ, 100ರ ಗಾಳಿ ಇಟ್ಟುಕೊಳ್ಳಿ. ಹೋಗಲು 9 ಗಂಟೆ, ಬರಲು 11 ಗಂಟೆ 15 ನಿಮಿಷ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 20 ಗಂಟೆ ಸಾಕಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವುದೇ ಈ 15 ನಿಮಿಷದ ದಂಡಕ್ಕೆ ಕಾರಣ.

ದೆಹಲಿ ವಿಮಾನಕ್ಕೆ ಇದರಿಂದಲೂ ತಪ್ಪಿಸಿಕೊಳ್ಳುವ ದಾರಿ ಇದೆ. ವಾಪಸು ಅಟ್ಲಾಂಟಿಕ್ ಮೇಲೆ ಬಂದರೆ ಅದೂ ಪೂರ್ವಕ್ಕೇ ಹಾರಿದಂತೆ. ಎರಡೂ ಸಲ ಗಾಳಿ ಬೆನ್ನಿಗೆ, ಜೊತೆಗೆ ಭೂಮಿಗೆ ಒಂದು ಪ್ರದಕ್ಷಿಣೆ.